ಗಂಟೆ ಬಾರಿಸದ ಊರಿನಲ್ಲಿ ಸಂಜೆಯ ಜಪ

ಸಂಜೆ ಆರು ಗಂಟೆ. ಯಾದಗಿರಿಯ ಕೋಟೆಯ ಬಂಡೆಗಳ ಮೇಲಿನ ಬಿಸಿಲು ಆಗತಾನೆ ಇಳಿದು, ಹಗಲೆಲ್ಲ ಕಾದ ಕಲ್ಲು ತನ್ನೊಳಗಿನ ಝಳವನ್ನು ಊರಿನ ಮೇಲೆ ಮೆಲ್ಲಮೆಲ್ಲನೆ ಬಿಡುತ್ತಿರುವ ಹೊತ್ತು. ಒಂದು ಕಡೆ ಮಸೀದಿಯ ಬಾಂಗು, ಇನ್ನೊಂದು ಕಡೆ ಗುಡಿಯ ಜಾಗಟೆ. ಇವೆರಡರ ನಡುವೆ ನಿಲ್ದಾಣದಿಂದ ವಾಡಿಯ ಕಡೆಗೋ ರಾಯಚೂರಿನ ಕಡೆಗೋ ಹೊರಟ ರೈಲುಗಾಡಿಯ ಕೂಗು. ಮಂಗಳೂರಿನಂಥ ಊರಾಗಿದ್ದರೆ ಇದೇ ಹೊತ್ತಿಗೆ ಇಗರ್ಜಿಯ ಗಂಟೆಯೂ ಈ ಮೇಳದಲ್ಲಿ ಸೇರಿಕೊಳ್ಳುತ್ತಿತ್ತು. ಮೊದಲು ಮೂರು ಸಲ ಮೂರು ಮೂರು ಪೆಟ್ಟು, ಕೊನೆಗೆ ಒಂಬತ್ತು ಪೆಟ್ಟು. ಅದನ್ನು ಕೇಳಿದ ಕಥೋಲಿಕ ಕ್ರೈಸ್ತನು ಕೈಯ ಕೆಲಸವನ್ನು ಅಲ್ಲಿಗೇ ಬಿಟ್ಟು, ದೇವದೂತನು ಕನ್ಯೆ ಮರಿಯಳಿಗೆ ತಂದ ಶುಭವಾರ್ತೆಯನ್ನು ನೆನೆದು ಒಂದು ಚಿಕ್ಕ ಪ್ರಾರ್ಥನೆಯನ್ನು ಹೇಳಿಕೊಳ್ಳುತ್ತಾನೆ. ಬೆಳಗ್ಗೆ ಆರಕ್ಕೆ, ನಡುಹಗಲಿಗೆ, ಸಂಜೆ ಆರಕ್ಕೆ ಹೀಗೆ ದಿನಕ್ಕೆ ಮೂರಾವರ್ತಿ ನಡೆಯುವುದರಿಂದಲೇ ಇದಕ್ಕೆ ತ್ರಿಕಾಲ ಪ್ರಾರ್ಥನೆಯೆಂದು ಹೆಸರು.

ಆದರೆ ಯಾದಗಿರಿ, ಶಹಾಪುರ, ಸುರಪುರಗಳ ಬೀದಿಗಳಿಗೆ ಆ ಗಂಟೆಯ ಲೆಕ್ಕ ಪರಿಚಿತವಲ್ಲ. ಇಲ್ಲಿಯ ಕಥೋಲಿಕ ಮನೆಗಳು ಗೋಡೆಯ ಗಡಿಯಾರವನ್ನು ನೋಡಿಯೇ ಪ್ರಾರ್ಥನೆಗೆ ಕೂಡಬೇಕು. ಗಂಟೆ ಹೊಡೆಯುವವನಿಲ್ಲ, ಕರೆಯುವವನಿಲ್ಲ, ಬಾರದಿದ್ದರೆ ಏಕೆ ಬರಲಿಲ್ಲವೆಂದು ಕೇಳುವ ನೆರೆಯವನೂ ಇಲ್ಲ. ಹಾಗಿದ್ದೂ ಒಂದು ಕುಟುಂಬವು ದಿನವೂ ತಪ್ಪದೆ ದೇವರ ಮುಂದೆ ಮಂಡಿಯೂರುವುದಾದರೆ, ಆ ಅಭ್ಯಾಸ ಬದುಕಿ ಉಳಿಯುವುದಾದರೂ ಯಾವ ಬಲದಿಂದ?

ಈ ಸೀಮೆಯಲ್ಲಿ ಕ್ರೈಸ್ತರೆಂದೊಡನೆ ಜನರ ನೆನಪಿಗೆ ಮೊದಲು ಬರುವುದು ಮೆಥೋಡಿಸ್ಟ್ ಸಭೆ ಮತ್ತು ಅಮೆರಿಕದ ಮೆಥೋಡಿಸ್ಟರು ಯಾದಗಿರಿಯಲ್ಲಿ ನಡೆಸಿದ ಆಸ್ಪತ್ರೆ. ಕಥೋಲಿಕರು ಅವರಿಗಿಂತಲೂ ವಿರಳ. ೨೦೧೧ರ ಜನಗಣತಿಯಲ್ಲಿ ಸುಮಾರು ಹನ್ನೊಂದು ಮುಕ್ಕಾಲು ಲಕ್ಷ ಜನರಿದ್ದ ಯಾದಗಿರಿ ಜಿಲ್ಲೆಯಲ್ಲಿ ಅವರದು ಹಿಡಿಯಷ್ಟು ಸಂಖ್ಯೆ. ಅವರಲ್ಲಿ ಈ ಮಣ್ಣಿನವರೇ ಆದವರೂ ಉಂಟು. ಶಾಲೆಯ ಉಪಾಧ್ಯಾಯರಾಗಿಯೋ, ಆಸ್ಪತ್ರೆಯ ದಾದಿಯರಾಗಿಯೋ, ರೈಲ್ವೆಯ ಇಲ್ಲವೆ ಬ್ಯಾಂಕಿನ ನೌಕರರಾಗಿಯೋ ವರ್ಗವಾಗಿ ಬಂದವರೂ ಉಂಟು. ಇವರಿಗೆಲ್ಲ ಸೇರಿ ಒಂದು ಧರ್ಮಪ್ರಾಂತವೆಂಬುದು ಏರ್ಪಟ್ಟುದು ೨೦೦೫ರಲ್ಲಿ, ಕಲಬುರಗಿಯನ್ನು ಕೇಂದ್ರವಾಗಿಟ್ಟುಕೊಂಡು. ರಾಬರ್ಟ್ ಮೈಕೇಲ್ ಮಿರಾಂಡರು ಅದರ ಮೊದಲ ಧರ್ಮಾಧ್ಯಕ್ಷರಾದರು. ಬೀದರದ ಗಡಿಯಿಂದ ಕೃಷ್ಣೆಯ ದಂಡೆಯವರೆಗೆ ಹರಡಿದ ಆ ವಿಸ್ತಾರಕ್ಕೆ ಗುರುಗಳು ಎಷ್ಟು ಜನ ಇದ್ದರೂ ಸಾಲದು. ಸುರಪುರದ ಗುಡ್ಡಗಳಿಂದ ಕಲಬುರಗಿಯ ಪ್ರಧಾನಾಲಯಕ್ಕೆ ನೂರು ಕಿಲೋಮೀಟರಿನ ಆಸುಪಾಸಿನ ದಾರಿ. ಭಾನುವಾರದ ಬಲಿಪೂಜೆಗಾಗಿ ಬಸ್ಸು ಹಿಡಿದು, ಊಟದ ಬುತ್ತಿ ಕಟ್ಟಿಕೊಂಡು, ಕೈಮಗುವಿನೊಡನೆ ಹೊರಡಬೇಕಾದ ಕುಟುಂಬದ ಪಾಡನ್ನು, ಮನೆಯ ಮೂಲೆಯಲ್ಲೇ ದೇವಾಲಯವಿರುವ ನಗರವಾಸಿಗಳು ಸುಲಭವಾಗಿ ಊಹಿಸಲಾರರು.

ಹೀಗಾಗಿ ಇಂಥ ಊರುಗಳಲ್ಲಿ ಧರ್ಮದ ಭಾರವನ್ನು ಹೊರುವುದು ಭಾನುವಾರವಲ್ಲ, ವಾರದ ಉಳಿದ ಆರು ಸಂಜೆಗಳು.

ಮನೆಯೊಳಗಿನ ಇಗರ್ಜಿ

ಅಂಥ ಮನೆಯೊಂದನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಲಿ. ಶಹಾಪುರದ್ದೆಂದೇ ಇಟ್ಟುಕೊಳ್ಳೋಣ; ಹಿತ್ತಿಲಿನಿಂದ ನೋಡಿದರೆ ಬುದ್ಧನು ಮಲಗಿರುವಂತೆ ಕಾಣುವ ಆ ಪ್ರಸಿದ್ಧ ಬೆಟ್ಟದ ಸಾಲು. ಪಡಸಾಲೆಯ ಗೋಡೆಯಲ್ಲಿ ಒಂದು ಹಲಗೆ. ಅದರ ಮೇಲೆ ಶಿಲುಬೆ, ಮಾತೆ ಮರಿಯಳ ಚಿಕ್ಕ ಪ್ರತಿಮೆ, ಒಂದು ದೀಪ, ಅಂಚು ಸವೆದ ಪ್ರಾರ್ಥನೆಯ ಪುಸ್ತಕ. ತಾಯಿ ಒಲೆಯ ಮೇಲಿನ ಅನ್ನವನ್ನು ಇಳಿಸಿ ಕೈ ಒರೆಸಿಕೊಂಡು ಬರುತ್ತಾಳೆ. ದೂರದರ್ಶನದ ಸದ್ದು ನಿಲ್ಲುತ್ತದೆ. ಮಕ್ಕಳ ಗೊಣಗಾಟವೂ ಸ್ವಲ್ಪ ಹೊತ್ತಿನಲ್ಲಿ ನಿಲ್ಲುತ್ತದೆ. ಮನೆಯ ಹಿರಿಯರು ಜಪಸರವನ್ನು ಕೈಗೆತ್ತಿಕೊಳ್ಳುತ್ತಾರೆ.

ಜಪಸರವೆಂದರೆ ಐವತ್ತೊಂಬತ್ತು ಮಣಿಗಳ ಮಾಲೆ. ಪರಲೋಕದ ತಂದೆಯನ್ನು ಕುರಿತ ಪ್ರಾರ್ಥನೆಗೆ ಆರು ಮಣಿ, ಮಾತೆಯನ್ನು ಕುರಿತ ಪ್ರಾರ್ಥನೆಗೆ ಐವತ್ತಮೂರು. ಹತ್ತು ಹತ್ತು ಮಣಿಗಳ ಐದು ಗುಂಪು. ಒಂದೊಂದು ಗುಂಪಿಗೂ ಕ್ರಿಸ್ತನ ಬಾಳಿನ ಒಂದೊಂದು ಘಟನೆಯ ಧ್ಯಾನ. ಸೋಮವಾರ ಮತ್ತು ಶನಿವಾರ ಸಂತೋಷದ ರಹಸ್ಯಗಳು, ಮಂಗಳವಾರ ಮತ್ತು ಶುಕ್ರವಾರ ದುಃಖದವು, ಬುಧವಾರ ಮತ್ತು ಭಾನುವಾರ ಮಹಿಮೆಯವು. ನೂರಾರು ವರ್ಷ ಹದಿನೈದೇ ಆಗಿದ್ದ ಈ ರಹಸ್ಯಗಳಿಗೆ ೨೦೦೨ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಬೆಳಕಿನ ರಹಸ್ಯಗಳೆಂಬ ಹೊಸ ಐದನ್ನು ಸೇರಿಸಿದರು. ಅವು ಗುರುವಾರದ ಪಾಲಿಗೆ ಬಂದವು. ನಾಲಗೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿರುವಾಗ ಮನಸ್ಸು ಕಥೆಯೊಂದನ್ನು ನೋಡುತ್ತಿರಬೇಕು. ಜಪದ ಮರ್ಮವೇ ಇದು. ಹೊರಗಿನಿಂದ ಕೇಳುವವರಿಗೆ ಬರಿಯ ಪುನರುಕ್ತಿಯಾಗಿ ತೋರುವುದು ಸಹಜ. ಆದರೆ ರಾಮನಾಮವನ್ನೋ ಷಡಕ್ಷರಿಯನ್ನೋ ಜಪಿಸುವ ಮನೆಗಳಲ್ಲಿ ಬೆಳೆದ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

ನಿಜಕ್ಕೂ ಈ ಸೀಮೆಗೆ ಮನೆಯ ಪೂಜೆಯೆಂಬುದು ಹೊರಗಿನಿಂದ ಬಂದ ವಿಚಾರವೇ ಅಲ್ಲ. ಎದೆಯ ಮೇಲಿನ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಒಬ್ಬರೇ ಕುಳಿತು ಪೂಜಿಸುವವರ ನಾಡಿದು. ಸುರಪುರದ ಸೀಮೆಯ ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರನಿಗೆ ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೆ ನಡೆದುಕೊಳ್ಳುವ ನಾಡೂ ಹೌದು. ಜಪಸರ ಹಿಡಿದ ಮನೆಯೊಂದು ಇಂಥ ನೆರೆಹೊರೆಯಲ್ಲಿ ವಿಚಿತ್ರವಾಗಿ ಕಾಣುವುದಿಲ್ಲ.

ಜಪ ಮುಗಿದ ಮೇಲೆ ಅಂದಿನ ಶುಭಸಂದೇಶದ ವಾಚನ. ಇದರ ಹಿಂದಿನ ಏರ್ಪಾಡನ್ನು ತಿಳಿದರೆ ಸೋಜಿಗವೆನಿಸುತ್ತದೆ. ವರ್ಷದ ಪ್ರತಿಯೊಂದು ದಿನಕ್ಕೂ ಬೈಬಲಿನ ಯಾವ ಭಾಗವನ್ನು ಓದಬೇಕೆಂಬುದನ್ನು ಕಥೋಲಿಕ ಧರ್ಮಸಭೆ ೧೯೬೯ರಲ್ಲಿ ಹೊಸದಾಗಿ ಗೊತ್ತುಮಾಡಿತು. ಭಾನುವಾರಗಳ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. ವಾರದ ದಿನಗಳಲ್ಲಿ ಮೊದಲ ವಾಚನ ಸಮ ವರ್ಷಕ್ಕೊಂದು, ಬೆಸ ವರ್ಷಕ್ಕೊಂದು. ಶುಭಸಂದೇಶ ಮಾತ್ರ ಪ್ರತಿವರ್ಷವೂ ಒಂದೇ. ಆದುದರಿಂದ ಈ ಮಂಗಳವಾರ ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ, ಮನಿಲಾದ ಒಂದು ಗಲ್ಲಿಯಲ್ಲಿ, ಶಹಾಪುರದ ಈ ಪಡಸಾಲೆಯಲ್ಲಿ ಓದುವುದು ಸಾಮಾನ್ಯವಾಗಿ ಒಂದೇ ಭಾಗ. ತನ್ನ ಊರಿನಲ್ಲಿ ಒಂಟಿಯಾಗಿರುವ ಕುಟುಂಬಕ್ಕೆ ಇದೊಂದು ಸಣ್ಣ ಸಮಾಧಾನವಲ್ಲ. ಓದಿದ ಮೇಲೆ ತಂದೆಯೋ ತಾಯಿಯೋ ಎರಡು ಮಾತು ಹೇಳುವುದುಂಟು; ಇಲ್ಲವೆ ಎಲ್ಲರೂ ಸುಮ್ಮನೆ ಕೂಡುವುದುಂಟು. ಸುಮ್ಮನೆ ಕೂಡುವುದೇ ಹೆಚ್ಚು ಕಷ್ಟದ ಕೆಲಸ.

ಗೋಗಿಯಿಂದ ಮುದ್ಗಲ್ಲಿಗೆ

ಇಲ್ಲಿಯ ಕಥೋಲಿಕ ಪ್ರಾರ್ಥನೆ ನಿನ್ನೆ ಮೊನ್ನೆ ರೈಲುಗಾಡಿಯಲ್ಲಿ ಬಂದಿಳಿದದ್ದೆಂದು ಭಾವಿಸುವವರಿದ್ದಾರೆ. ಅದು ಸರಿಯಲ್ಲ. ಶಹಾಪುರ ತಾಲ್ಲೂಕಿನ ಗೋಗಿಗೆ ಹೋದವರು ಅಲ್ಲಿಯ ದರ್ಗಾದ ಆವರಣದಲ್ಲಿ ಬಿಜಾಪುರದ ಮೊದಲ ಆದಿಲ್‌ಶಾಹಿ ಅರಸರ ಗೋರಿಗಳನ್ನು ಕಾಣುತ್ತಾರೆ. ಯೂಸುಫ್, ಇಸ್ಮಾಯಿಲ್, ಇಬ್ರಾಹಿಂ ಮಲಗಿರುವುದು ಅಲ್ಲಿಯೇ. ಇಬ್ರಾಹಿಮನ ಮಗನಾದ ಮೊದಲನೆಯ ಅಲಿ ಆದಿಲ್‌ಶಹನು ೧೫೫೮ರಲ್ಲಿ ಪಟ್ಟಕ್ಕೆ ಬಂದ ಕೆಲವೇ ವರ್ಷಗಳಲ್ಲಿ, ಕ್ರೈಸ್ತಧರ್ಮವೆಂದರೇನೆಂದು ತಿಳಿಯುವ ಕುತೂಹಲದಿಂದ ಗೋವೆಯಿಂದ ಪಂಡಿತ ಗುರುಗಳನ್ನು ಕರೆಸಿಕೊಂಡನು. ಧರ್ಮದ ಮಾತುಕತೆಯಾಯಿತು, ಅರಸನ ಮತ ಬದಲಾಗಲಿಲ್ಲ, ಆತಿಥ್ಯಕ್ಕೇನೂ ಕೊರತೆಯಾಗಲಿಲ್ಲ.

ಅದೇ ಕಾಲದಲ್ಲಿ ಕೃಷ್ಣೆಯ ಆಚೆಗೆ, ಲಿಂಗಸುಗೂರಿನ ಮುಂದೆ, ಮುದ್ಗಲ್ಲಿನ ಕೋಟೆಯ ಊರಿನಲ್ಲಿ ಒಂದು ಕಥೋಲಿಕ ನೆಲೆ ಬೇರೂರಿತು. ೧೫೫೭ರ ವೇಳೆಗೇ ಯೇಸುಸಭೆಯ ಗುರುಗಳು ಅಲ್ಲಿ ಇಗರ್ಜಿ ಕಟ್ಟಿದರೆಂಬುದು ಪ್ರತೀತಿ. ಮೊಹರಮ್ಮಿಗಾಗಿ ದೂರದೂರದಿಂದ ಜನ ಸೇರುವ ಮುದ್ಗಲ್ಲಿಗೆ ಹೀಗೊಂದು ಕ್ರೈಸ್ತ ಚರಿತ್ರೆಯೂ ಇರುವುದು ಬೆಂಗಳೂರಿನ ಅನೇಕರಿಗೆ ಗೊತ್ತಿಲ್ಲ. ದಖ್ಖನಿನ ಒಳನಾಡಿನಲ್ಲಿ ಇಷ್ಟು ಹಳೆಯ ಕನ್ನಡ ಕ್ರೈಸ್ತ ನೆಲೆಗಳು ಬೆರಳೆಣಿಕೆಯಷ್ಟು.

ಈ ನೆಲೆಯನ್ನು ಸಾಹಿತ್ಯದಲ್ಲಿ ದಾಖಲೆ ಮಾಡಿದವನು ಸುರಪುರದ ಜನ ಇಂದಿಗೂ ಮರೆಯದ ಫಿಲಿಪ್ ಮೆಡೋಸ್ ಟೇಲರ್. ೧೮೪೦ರ ದಶಕದಲ್ಲಿ ಸುರಪುರದ ಆಡಳಿತವನ್ನು ವಹಿಸಿಕೊಂಡು, ಬಾಲಕ ರಾಜಾ ವೆಂಕಟಪ್ಪ ನಾಯಕನನ್ನು ಸಾಕಿ, ೧೮೫೮ರ ದುರಂತದ ಅನಂತರ ಮತ್ತೆ ಅಲ್ಲಿಗೇ ಬಂದವನು ಆತ. ಗುಡ್ಡದ ಮೇಲಿನ ಅವನ ಬಂಗಲೆಯನ್ನು ಜನ ಇನ್ನೂ ಟೇಲರ್ ಮಂಜಿಲ್ ಎಂದೇ ಕರೆಯುತ್ತಾರೆ. ಚಾಂದಬೀಬಿಯನ್ನು ಕುರಿತ ಅವನ ಕಾದಂಬರಿ ಅವನು ತೀರಿಕೊಂಡ ಎರಡು ವರ್ಷಗಳ ಮೇಲೆ, ೧೮೭೮ರಲ್ಲಿ ಪ್ರಕಟವಾಯಿತು. ಅದರಲ್ಲಿ ಮುದ್ಗಲ್ಲಿನ ಕ್ರೈಸ್ತ ಗುರುವೂ ಆತನ ಸೋದರಿಯೂ ಮುಖ್ಯ ಪಾತ್ರಗಳಾಗಿ ಬರುತ್ತಾರೆ. ಟೇಲರ್ ಪ್ರೊಟೆಸ್ಟಂಟ್ ಮನೆತನದವನು. ಆದರೂ ಬಿಜಾಪುರದ ಕಥೆ ಹೇಳಲು ಹೊರಟವನಿಗೆ ಕೃಷ್ಣೆಯ ಆಚೆಯ ಒಂದು ಪುಟ್ಟ ಕಥೋಲಿಕ ಹಿಂಡು ಬೇಕೆನಿಸಿತು ಎಂಬುದೇ ಗಮನಿಸತಕ್ಕ ಸಂಗತಿ.

ಈ ಹಿಂಡುಗಳು ಪ್ರಾರ್ಥಿಸುತ್ತಿದ್ದುದು ಯಾವ ಭಾಷೆಯಲ್ಲಿ? ಇಲ್ಲಿ ಒಂದು ಸ್ವಾರಸ್ಯವಿದೆ. ಗುರುಗಳು ಪೀಠದ ಮುಂದೆ ಅರ್ಪಿಸುವ ಬಲಿಪೂಜೆ ಪೂರ್ತಿಯಾಗಿ ಲ್ಯಾಟಿನ್ ಭಾಷೆಯದು. ಮುದ್ಗಲ್ಲಿನ ರೈತನಿಗಿರಲಿ, ಲಿಸ್ಬನ್ನಿನ ಬೆಸ್ತನಿಗೂ ಅದು ತಿಳಿಯುತ್ತಿರಲಿಲ್ಲ. ಆದರೆ ಮನೆಯಲ್ಲಿ ಹೇಳುವ ಜಪ, ಮಕ್ಕಳಿಗೆ ಕಲಿಸುವ ಧರ್ಮೋಪದೇಶ, ಇವುಗಳಿಗೆ ದೇಶಭಾಷೆಯೇ ಗತಿಯೆಂಬುದನ್ನು ಮೊದಲ ಗುರುಗಳು ಬಹುಬೇಗ ಅರಿತರು. ಗೋವೆಯಲ್ಲಿ ಇಂಗ್ಲಿಷ್ ಗುರು ತೋಮಸ್ ಸ್ಟೀಫನ್ಸ್ ಓವಿಯ ಧಾಟಿಯಲ್ಲಿ ಕ್ರಿಸ್ತಪುರಾಣವನ್ನು ರಚಿಸಿ ೧೬೧೬ರಲ್ಲಿ ಅಚ್ಚು ಹಾಕಿಸಿದರು. ಅವರ ಕೊಂಕಣಿ ಧರ್ಮೋಪದೇಶ ಅವರು ತೀರಿಕೊಂಡ ಮೇಲೆ ೧೬೨೨ರಲ್ಲಿ ಹೊರಬಂತು. ಕನ್ನಡದಲ್ಲಿ ಈ ಕೆಲಸಕ್ಕೆ ಕೈಹಾಕಿದವರು ಇಟಲಿಯ ಲಿಯೊನಾರ್ದೊ ಚಿನ್ನಮಿ. ೧೬೪೯ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನನ್ನು ಆರಂಭಿಸಿದ ಈ ಗುರುಗಳು ಕನ್ನಡ ಕಲಿತು, ಧರ್ಮೋಪದೇಶವನ್ನೂ ಸಂತರ ಚರಿತ್ರೆಗಳನ್ನೂ ಕನ್ನಡದಲ್ಲಿ ಬರೆದರು. ಹಿಂದಿನಿಂದ ಬರುವವರಿಗಾಗಿ ವ್ಯಾಕರಣವನ್ನೂ ಶಬ್ದಕೋಶವನ್ನೂ ಸಿದ್ಧಮಾಡಿದರು. ಸಸ್ಯಾಹಾರಿಗಳಾಗಿ, ಈ ದೇಶದ ಸಂನ್ಯಾಸಿಗಳ ರೀತಿಯಲ್ಲಿ ಬಾಳಿದ ಗುರುಗಳ ಪರಂಪರೆ ಅದು.

ಪೀಠದ ಮುಂದೆ ಕನ್ನಡ ಕೇಳಿಬರಲು ಅಲ್ಲಿಂದ ಮುಂದೆ ಮುನ್ನೂರು ವರ್ಷಗಳೇ ಹಿಡಿದವು. ಎರಡನೆಯ ವ್ಯಾಟಿಕನ್ ಮಹಾಸಭೆ ೧೯೬೩ರ ಡಿಸೆಂಬರ್ ೪ರಂದು ದೇಶಭಾಷೆಗಳಲ್ಲಿ ಆರಾಧನೆಗೆ ಒಪ್ಪಿಗೆಯಿತ್ತ ಮೇಲೆಯೇ ಬಲಿಪೂಜೆ ಕನ್ನಡಕ್ಕೆ ಬಂದದ್ದು. ಅಂದರೆ, ಅಷ್ಟೂ ಕಾಲ ಕನ್ನಡ ಕಥೋಲಿಕನ ಪಾಲಿಗೆ ದೇವರೊಡನೆ ತಾಯ್ನುಡಿಯಲ್ಲಿ ಮಾತನಾಡುವ ಸ್ಥಳವೆಂದರೆ ಮನೆಯೇ. ದೇವಾಲಯದಲ್ಲಿ ಅವನು ಮೌನಿ, ಪಡಸಾಲೆಯಲ್ಲಿ ಮಾತುಗಾರ. ಸಂಜೆಯ ಜಪಕ್ಕೆ ಇಷ್ಟು ಗಟ್ಟಿಯಾದ ಬೇರು ಬಿಟ್ಟದ್ದು ಬಹುಶಃ ಈ ಕಾರಣದಿಂದಲೇ.

ಗುರುಗಳಿಲ್ಲದ ವರ್ಷಗಳು

ಈ ಬೇರಿನ ಪರೀಕ್ಷೆಯೂ ಆಯಿತು. ೧೭೫೯ರಲ್ಲಿ ಪೋರ್ಚುಗೀಸ್ ಸರ್ಕಾರ ಯೇಸುಸಭೆಯವರನ್ನು ತನ್ನ ರಾಜ್ಯದಿಂದ ಹೊರದೂಡಿತು. ೧೭೭೩ರಲ್ಲಿ ಜಗದ್ಗುರುಗಳೇ ಆ ಸಭೆಯನ್ನು ರದ್ದುಮಾಡಿದರು. ೧೮೧೪ರಲ್ಲಿ ಅದು ಮತ್ತೆ ಜೀವ ತಳೆಯುವವರೆಗೆ ದಖ್ಖನಿನ ಮಿಷನ್ನುಗಳು ಬಡವಾದವು. ಇತ್ತ ಕರಾವಳಿಯ ಕ್ರೈಸ್ತರು ೧೭೮೪ರಿಂದ ೧೭೯೯ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿ ಕಳೆದರು. ಗುರುವಿಲ್ಲದಿದ್ದಾಗ ಕಥೋಲಿಕನು ಕಳೆದುಕೊಳ್ಳುವುದು ಸಾಮಾನ್ಯವಾದುದನ್ನಲ್ಲ. ಪರಮಪ್ರಸಾದವಿಲ್ಲ, ಪಾಪನಿವೇದನೆಯಿಲ್ಲ, ಸಾಯುವಾಗ ಅಭ್ಯಂಜನವಿಲ್ಲ. ಉಳಿಯುವುದು ಎರಡೇ. ಒಂದು, ಆಪತ್ಕಾಲದಲ್ಲಿ ಯಾರು ಬೇಕಾದರೂ ಕೊಡಬಹುದಾದ ಜ್ಞಾನಸ್ನಾನ. ಇನ್ನೊಂದು, ಪ್ರಾರ್ಥನೆ.

ಈ ಎರಡನ್ನೇ ಹಿಡಿದು ಒಂದು ಜನ ಎಷ್ಟು ಕಾಲ ಬದುಕಬಹುದೆಂಬುದಕ್ಕೆ ಲೋಕದ ಚರಿತ್ರೆಯಲ್ಲಿ ಜಪಾನಿಗಿಂತ ದೊಡ್ಡ ಉದಾಹರಣೆಯಿಲ್ಲ. ಗೋವೆಯಿಂದಲೇ ಹೊರಟ ಸಂತ ಫ್ರಾನ್ಸಿಸ್ ಝೇವಿಯರ್ ೧೫೪೯ರಲ್ಲಿ ಅಲ್ಲಿ ಬಿತ್ತಿದ ಧರ್ಮಕ್ಕೆ ೧೬೧೪ರಲ್ಲಿ ನಿಷೇಧ ಬಿತ್ತು. ಗುರುಗಳನ್ನು ಓಡಿಸಿದರು, ಕೊಂದರು. ನಾಗಸಾಕಿಯ ಸುತ್ತಲ ಹಳ್ಳಿಗಳ ಬೇಸಾಯಗಾರರು ಬಾಗಿಲು ಮುಚ್ಚಿಕೊಂಡು ಪ್ರಾರ್ಥನೆಗಳನ್ನು ಬಾಯಿಂದ ಬಾಯಿಗೆ ದಾಟಿಸಿದರು. ಊರಿನಲ್ಲಿ ಒಬ್ಬನಿಗೆ ಪಂಚಾಂಗ ನೋಡಿ ಹಬ್ಬಗಳನ್ನು ತಿಳಿಸುವ ಕೆಲಸ, ಇನ್ನೊಬ್ಬನಿಗೆ ಜ್ಞಾನಸ್ನಾನ ಕೊಡುವ ಕೆಲಸ. ಸುಮಾರು ಏಳು ತಲೆಮಾರು ಹೀಗೆ ನಡೆಯಿತು. ೧೮೬೫ರ ಮಾರ್ಚ್ ೧೭ರಂದು ನಾಗಸಾಕಿಯ ಹೊಸ ಇಗರ್ಜಿಯಲ್ಲಿ ಫ್ರೆಂಚ್ ಗುರು ಬರ್ನಾರ್ ಪೆತಿಜಾನರ ಬಳಿಗೆ ಕೆಲವರು ಹಳ್ಳಿಗರು ಮೆಲ್ಲನೆ ಬಂದರು. ಮಾತೆ ಮರಿಯಳ ಪ್ರತಿಮೆ ಎಲ್ಲಿದೆಯೆಂದು ಒಬ್ಬ ಹೆಂಗಸು ಪಿಸುಮಾತಿನಲ್ಲಿ ಕೇಳಿದಳು. ಆ ಗುರುಗಳಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ.

ಯಾದಗಿರಿಯ ಮನೆಗಳಿಗೆ ಅಂಥ ಹಿಂಸೆಯೇನೂ ಇಲ್ಲ; ಹೋಲಿಕೆಯನ್ನು ಅಷ್ಟು ದೂರ ಎಳೆಯಬಾರದು. ಆದರೆ ಗುರುವಿಲ್ಲದ ದಿನ ಮನೆಯೇ ಇಗರ್ಜಿಯಾಗಬೇಕೆಂಬ ಮಾತು ಬರಿಯ ಅನಿವಾರ್ಯತೆಯ ಮಾತಲ್ಲ, ಧರ್ಮಸಭೆಯ ಬೋಧನೆಯೇ ಹೌದು. ೧೯೬೪ರಲ್ಲಿ ವ್ಯಾಟಿಕನ್ ಮಹಾಸಭೆ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆಯೆಂದು ಕರೆಯಿತು. ೧೯೮೩ರ ಧರ್ಮಸಭೆಯ ಕಾನೂನು, ಗುರುಗಳು ದೊರೆಯದೆ ಭಾನುವಾರದ ಬಲಿಪೂಜೆ ಸಾಧ್ಯವಾಗದಾಗ ವೈಯಕ್ತಿಕವಾಗಿಯೋ, ಕುಟುಂಬವಾಗಿಯೋ, ಕೆಲವು ಕುಟುಂಬಗಳು ಕೂಡಿಯೋ ತಕ್ಕಷ್ಟು ಹೊತ್ತು ಪ್ರಾರ್ಥನೆಯಲ್ಲಿ ಕಳೆಯಿರೆಂದು ಸಲಹೆ ಮಾಡುತ್ತದೆ. ಪರಮಪ್ರಸಾದವನ್ನು ಬಾಯಿಂದ ಸ್ವೀಕರಿಸಲಾಗದವನು ಮನಸ್ಸಿನ ಬಯಕೆಯಿಂದ ಸ್ವೀಕರಿಸುವ ಕ್ರಮವೂ ಬಹು ಹಿಂದಿನಿಂದ ಇದೆ.

ಪಟ್ಟಣದವರಿಗೆ ಈ ಮಾತಿನ ಅರ್ಥ ತಿಳಿದದ್ದು ೨೦೨೦ರಲ್ಲಿ. ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕದ ಭೀತಿಯಿಂದ ದೇಶವೇ ಬಾಗಿಲು ಹಾಕಿದಾಗ, ಬೆಂಗಳೂರು ಮಂಗಳೂರುಗಳ ದೇವಾಲಯಗಳಿಗೂ ಬೀಗ ಬಿತ್ತು. ಆ ತಿಂಗಳ ೨೭ರ ಸಂಜೆ, ಮಳೆಯಲ್ಲಿ ತೊಯ್ದ ಸಂತ ಪೇತ್ರರ ಚೌಕದಲ್ಲಿ ಜಗದ್ಗುರು ಫ್ರಾನ್ಸಿಸರು ಒಬ್ಬರೇ ನಿಂತು ಪ್ರಾರ್ಥಿಸಿದುದನ್ನು ಲೋಕವೆಲ್ಲ ಪರದೆಯ ಮೇಲೆ ನೋಡಿತು. ಏಪ್ರಿಲ್ ೧೨ರ ಪಾಸ್ಖ ಹಬ್ಬವನ್ನು ಕೋಟ್ಯಂತರ ಜನ ಮನೆಯಲ್ಲಿಯೇ ಆಚರಿಸಿದರು. ಹತ್ತು ಹೆಜ್ಜೆಯಲ್ಲಿ ಇಗರ್ಜಿಯಿದ್ದವರು ದಿಕ್ಕು ತೋಚದೆ ಕುಳಿತಾಗ, ಎಂದಿನಿಂದಲೂ ಗಡಿಯಾರ ನೋಡಿ ಜಪಕ್ಕೆ ಕೂಡುತ್ತಿದ್ದ ಒಳನಾಡಿನ ಮನೆಗಳಿಗೆ ಕಲಿಯಬೇಕಾದದ್ದು ಅಷ್ಟೇನೂ ಇರಲಿಲ್ಲ.

ಬತ್ತಿದ ದಿನಗಳು

ದಿನವೂ ಪ್ರಾರ್ಥಿಸುವವರಿಗೆ ದಿನವೂ ಉತ್ಸಾಹವಿರುತ್ತದೆಯೆ? ಇಲ್ಲ. ಭೀಮೆಯಲ್ಲಿ ನೀರು ಹರಿಯುವ ತಿಂಗಳುಗಳಿವೆ, ಬರಿಯ ಮರಳು ಕಾಣುವ ತಿಂಗಳುಗಳಿವೆ. ಕೆಲಸದಿಂದ ದಣಿದು ಬಂದ ತಂದೆ ಮೂರನೆಯ ಹತ್ತು ಮಣಿಗೆ ತೂಕಡಿಸುತ್ತಾನೆ. ಆಸ್ಪತ್ರೆಯಲ್ಲಿ ರಾತ್ರಿಯ ಪಾಳಿ ಮುಗಿಸಿ ಬಂದ ತಾಯಿಗೆ ಅಂದು ಕಂಡ ಸಾವು ಕಣ್ಣಿನಿಂದ ಮಾಸುವುದಿಲ್ಲ. ಬೇಡಿದ ಜೀವ ಉಳಿಯದಿದ್ದಾಗ ಬೇಡಿದ್ದಾದರೂ ಏತಕ್ಕೆ ಎಂಬ ಪ್ರಶ್ನೆ ಏಳುತ್ತದೆ. ಕಾಲೇಜಿಗೆ ಹೋಗುವ ಮಗ, ಒಂದೇ ಮಾತನ್ನು ಐವತ್ತು ಸಲ ಹೇಳಿದರೆ ದೇವರಿಗೆ ಹೆಚ್ಚು ಕೇಳಿಸುತ್ತದೆಯೆ ಎಂದು ಕೇಳಿಯೇ ಕೇಳುತ್ತಾನೆ. ಕೇಳದಿದ್ದರೆ ಆಶ್ಚರ್ಯ.

ಈ ಪ್ರಶ್ನೆಗಳಿಗೆ ಸಿಹಿಮಾತಿನ ಉತ್ತರ ಕೊಡುವ ಪುಸ್ತಕಗಳು ಬೇಕಾದಷ್ಟಿವೆ. ಅವುಗಳಿಗಿಂತ ಸಂತರ ನಿಜಜೀವನವೇ ಹೆಚ್ಚು ಧೈರ್ಯ ಕೊಡುತ್ತದೆ. ಇಪ್ಪತ್ತನಾಲ್ಕನೆಯ ವಯಸ್ಸಿಗೆ, ೧೮೯೭ರಲ್ಲಿ ಕ್ಷಯದಿಂದ ತೀರಿಕೊಂಡ ಲಿಸಿಯೂವಿನ ಸಂತ ತೆರೇಸ ತಮ್ಮ ಆತ್ಮಕಥೆಯಲ್ಲಿ, ಪ್ರಾರ್ಥನೆಯ ವೇಳೆ ತಮಗೆ ನಿದ್ದೆ ಬರುತ್ತಿತ್ತೆಂದು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮಕ್ಕಳು ನಿದ್ದೆಹೋದಾಗಲೂ ತಂದೆತಾಯಿಗಳಿಗೆ ಬೇಡವಾಗುವುದಿಲ್ಲವಲ್ಲ ಎಂಬುದು ಆಕೆಯ ಸಮಾಧಾನ. ಮಠದ ನಾಲ್ಕು ಗೋಡೆಗಳನ್ನು ದಾಟದ ಆಕೆಯನ್ನು ೧೯೨೭ರಲ್ಲಿ ಝೇವಿಯರರೊಡನೆ ಮಿಷನ್ನುಗಳ ಪಾಲಕಿಯೆಂದು ಸಾರಿದರು. ಇನ್ನು ಕಲ್ಕತ್ತೆಯ ಮದರ್ ತೆರೇಸ. ಅವರ ಖಾಸಗಿ ಪತ್ರಗಳು ೨೦೦೭ರಲ್ಲಿ ಪ್ರಕಟವಾದಾಗ ಲೋಕ ಬೆಚ್ಚಿತು. ಸುಮಾರು ಐವತ್ತು ವರ್ಷಗಳ ಕಾಲ, ನಡುವೆ ಅಲ್ಪ ವಿರಾಮ ಬಿಟ್ಟರೆ, ಪ್ರಾರ್ಥನೆಯಲ್ಲಿ ಅವರಿಗೆ ದೇವರ ಸಾನ್ನಿಧ್ಯ ಅನುಭವಕ್ಕೆ ಬಂದಿರಲಿಲ್ಲ, ಕತ್ತಲೆಯೇ ಎದುರಾಗಿತ್ತು. ಆದರೂ ಅವರು ಬೆಳಗಿನ ಜಾವ ಎದ್ದು ಮಂಡಿಯೂರುವುದನ್ನು ಬಿಡಲಿಲ್ಲ, ರೋಗಿಯ ಗಾಯ ತೊಳೆಯುವುದನ್ನೂ ಬಿಡಲಿಲ್ಲ. ಅವರ ಮುಖದ ನಗೆಯನ್ನು ನೋಡಿ, ಈಕೆಗೇನು ಕಷ್ಟವೆಂದು ಆಡಿಕೊಂಡವರು ಈ ಪತ್ರಗಳನ್ನು ಓದಬೇಕು.

ಬತ್ತಿದ ದಿನಗಳಿಗೆಂದೇ ಹೇಳಿ ಮಾಡಿಸಿದಂತಿರುವ ಇನ್ನೊಂದು ಸಾಧನವೆಂದರೆ ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸರು ಕಲಿಸಿದ ಅಂತಃಕರಣದ ಪರೀಕ್ಷೆ. ಅವರ ಆಧ್ಯಾತ್ಮಿಕ ಸಾಧನೆಗಳ ಪುಸ್ತಕಕ್ಕೆ ೧೫೪೮ರಲ್ಲಿ ಜಗದ್ಗುರುಗಳ ಮನ್ನಣೆ ದೊರೆಯಿತು. ಇದರಲ್ಲಿ ಕಷ್ಟದ ಪಾಂಡಿತ್ಯವೇನೂ ಇಲ್ಲ. ಮಲಗುವ ಮುನ್ನ ಆ ದಿನ ದೊರೆತ ಒಳ್ಳೆಯದಕ್ಕೆ ಕೃತಜ್ಞತೆ ಹೇಳುವುದು. ತನ್ನನ್ನು ತಾನು ಸರಿಯಾಗಿ ನೋಡಿಕೊಳ್ಳಲು ಬೆಳಕು ಬೇಡುವುದು. ಬೆಳಗಿನಿಂದ ಗಂಟೆ ಗಂಟೆಯಾಗಿ ದಿನವನ್ನು ಹಿಂದಿರುಗಿ ನೋಡುವುದು. ತಪ್ಪಿದ್ದಕ್ಕೆ ಕ್ಷಮೆ ಕೇಳುವುದು. ನಾಳೆಗೆ ಒಂದು ನಿಶ್ಚಯ ಮಾಡುವುದು. ಹದಿನೈದು ನಿಮಿಷದ ಕೆಲಸ. ಗ್ರಾಹಕನ ಮೇಲೆ ವೃಥಾ ರೇಗಿದ ಬ್ಯಾಂಕಿನ ಗುಮಾಸ್ತನಿಗೆ, ಹುಡುಗನ ಕಿವಿ ಹಿಂಡಿದ ಮೇಷ್ಟರಿಗೆ, ಅತ್ತೆಯ ಮಾತನ್ನು ಮನಸ್ಸಿನಲ್ಲಿ ಕುದಿಸುತ್ತಿರುವ ಸೊಸೆಗೆ ಇದು ಎಲ್ಲ ಉಪದೇಶಗಳಿಗಿಂತ ಹತ್ತಿರ. ಕ್ರೈಸ್ತರಲ್ಲದವರಿಗೂ ಇದರಿಂದ ನಷ್ಟವೇನೂ ಆಗಲಾರದು.

ಈಚೆಗೆ ಮೊಬೈಲ್ ಬಂದಮೇಲೆ ಅಂದಂದಿನ ವಾಚನವೂ ಅದರ ಮೇಲೊಂದು ಚಿಂತನೆಯೂ ಕನ್ನಡದಲ್ಲಿಯೇ ಅಂಗೈಗೆ ಬರುತ್ತಿವೆ. ಹಿಂದೆ ಅಂಚೆಯಲ್ಲಿ ಬರುವ ಮಾಸಪತ್ರಿಕೆಗಾಗಿ ಕಾಯಬೇಕಾಗಿದ್ದ ಸುರಪುರದ ಮನೆಗೆ ಇದೊಂದು ವರವೇ ಸರಿ. ಆದರೆ ಒಂದು ತೊಡಕೂ ಇದೆ. ತಂದೆ ತನ್ನ ಫೋನಿನಲ್ಲಿ, ಮಗಳು ತನ್ನ ಫೋನಿನಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಓದಿ ಮುಗಿಸಿದರೆ ಪಡಸಾಲೆಯ ಹಲಗೆಯ ಮುಂದೆ ಕೂಡುವವರಾರು? ಐರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಗುರು ಪ್ಯಾಟ್ರಿಕ್ ಪೇಟನ್ ೧೯೪೨ರಲ್ಲಿ ಕುಟುಂಬದ ಜಪಸರದ ಚಳವಳಿಯನ್ನು ಹೂಡಿ, ರೇಡಿಯೋ ಮತ್ತು ಚಲಚ್ಚಿತ್ರಗಳನ್ನೇ ಅದಕ್ಕೆ ದುಡಿಸಿಕೊಂಡರು. ಯಂತ್ರಗಳ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಮನೆಯವರು ಒಟ್ಟಿಗೆ ಮಂಡಿಯೂರಬೇಕೆಂಬುದೊಂದೇ ಅವರ ಹಟ. ಮಕ್ಕಳು ಓದಿಗೂ ನೌಕರಿಗೂ ಬೆಂಗಳೂರ ದಾರಿ ಹಿಡಿದ ಮೇಲೆ ಈ ಊರುಗಳ ಎಷ್ಟೋ ಮನೆಗಳಲ್ಲಿ ಜಪಕ್ಕೆ ಉಳಿಯುವುದು ಇಬ್ಬರೇ. ಕೆಲವರು ಫೋನನ್ನು ಗೋಡೆಗೆ ಆನಿಸಿಟ್ಟು, ದೂರದ ಮಗನ ದನಿಯನ್ನೂ ಸೇರಿಸಿಕೊಂಡು ಜಪ ಮುಗಿಸುವ ಉಪಾಯ ಕಂಡುಕೊಂಡಿದ್ದಾರೆ. ಮೂರನೆಯ ಹತ್ತು ಮಣಿಗೆ ಸಂಪರ್ಕ ಕಡಿದುಹೋಗುವುದೂ ಉಂಟು, ಇವರು ನಿಲ್ಲಿಸುವುದಿಲ್ಲ.

ಶಹಾಪುರದ ಆ ಮನೆಗೆ ಮತ್ತೆ ಬರೋಣ. ಜಪವಾಯಿತು, ವಾಚನವಾಯಿತು. ಕೊನೆಯದು ಹೆಸರುಗಳ ಸರದಿ. ತೀರಿಕೊಂಡ ಅಜ್ಜ ಅಜ್ಜಿಯರ ಹೆಸರು, ಕಾಯಿಲೆ ಬಿದ್ದವರ ಹೆಸರು, ಕೆಲಸವಿಲ್ಲದವರ ಹೆಸರು. ಕಿರಿಯ ಮಗಳು ಓಣಿಯಲ್ಲಿ ಕಾಲು ಮುರಿದುಕೊಂಡ ನಾಯಿಮರಿಯನ್ನೂ ಸೇರಿಸಬೇಕೆಂದು ಪಟ್ಟುಹಿಡಿದು, ಗೆಲ್ಲುತ್ತಾಳೆ. ಅಷ್ಟರಲ್ಲಿ ಬಾಗಿಲ ಬಳಿ ನೆರೆಮನೆಯಾಕೆಯ ನೆರಳು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ರೊಟ್ಟಿಯ ಬುಟ್ಟಿ.

“ಅಕ್ಕಾರ, ಮುಗೀತೇನ್ರಿ ಜಪ? ನಾಳಿಗಿ ನಮ್ ಹುಡುಗಂದು ಪರೀಕ್ಷಾ ಐತಿ. ಅವನ ಹೆಸರೂ ಒಂದೀಟು ಸೇರಸ್ರಿ.”

ಮುಗಿದಿತ್ತು. ಮನೆಯವರು ಮತ್ತೊಮ್ಮೆ ಶಿಲುಬೆಯ ಗುರುತು ಹಾಕಿಕೊಂಡರು.